ಸರ್ವೆ ಮೊದಲೋ, ಟೆಸ್ಟ್ ಪಿಟ್ ಮೊದಲೋ? ಗೂಟ ಮೊದಲು

ನೆಲದಡಿ ಹೂತ ಹಳೇ ಕಟ್ಟಡ, ಊರುಗಳ ಕುರುಹು ಹುಡುಕಬೇಕು, ಹಣ ಒಂದಕ್ಕಷ್ಟೇ ಸಾಲುತ್ತದೆ; ಭೂಭೌತ ಸರ್ವೆಗೆ, ಅಂದರೆ ಅಗೆಯದೆ ಮೇಲಿನಿಂದಲೇ ನೆಲದಡಿಯನ್ನು ಅಳೆಯಲು, ಯಂತ್ರ ಬಾಡಿಗೆಗೆ ತರೋದಾ ಅಥವಾ ನೇರವಾಗಿ ಟೆಸ್ಟ್ ಪಿಟ್ (ಪರೀಕ್ಷೆಗೆ ತೋಡುವ ಸಣ್ಣ ಗುಂಡಿ) ತೋಡೋದಾ ಅಂತ ಕೇಳಿದ್ದೀರಿ. ನಮ್ಮ ತಂಡ ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ. ಕೊನೆಗೆ ಎರಡನ್ನೂ ಮಾಡಿದೆವು. ಸರ್ವೆಯೂ ಚೆನ್ನಾಗಿ ಬಂತು, ಗುಂಡಿಗಳನ್ನೂ ಕ್ರಮವಾಗಿಯೇ ತೋಡಿದೆವು. ಆದರೂ ಒಂದು ಇಡೀ ಸೀಸನ್ ಕೈತಪ್ಪಿತು. ಕೆಡಿಸಿದ್ದು ಯಂತ್ರವಲ್ಲ, ಗುದ್ದಲಿಯಲ್ಲ, ಗೂಟ.

ಬಯಲು 40 ಮೀಟರ್ ಅಗಲ, 60 ಮೀಟರ್ ಉದ್ದ. ಅದರ ಮೇಲೆ ಮೂಲೆಗಳಿಗೆ ಗೂಟ ನೆಟ್ಟು ಗುರುತಿಸಿದ ಗ್ರಿಡ್: 20 ಮೀಟರ್ ಚೌಕಗಳು ಆರು. ಬಳಸಿದ್ದು ಮಣ್ಣಿನ ವಿದ್ಯುತ್ ನಿರೋಧ ಅಳೆಯುವ ಮೀಟರ್. ಕೈಯಲ್ಲಿ ಹಿಡಿಯುವ ಚೌಕಟ್ಟಿನಲ್ಲಿ ಅರ್ಧ ಮೀಟರ್ ಅಂತರದ ಎರಡು ಸಲಾಕೆ, ದೂರದಲ್ಲಿ ನೆಟ್ಟು ಬಿಡುವ ಇನ್ನೆರಡು. ಈ ದೂರದ ಜೋಡಿ ಚೌಕಟ್ಟಿನ ಅಂತರದ 30 ಪಟ್ಟು, ಅಂದರೆ ಕನಿಷ್ಠ 15 ಮೀಟರ್ ಆಚೆ ಇರಬೇಕು; ಹತ್ತಿರವಿದ್ದರೆ ನೀವು ನಡೆದ ದೂರವೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ಮೀಟರಿಗೊಂದು ಅಳತೆ, ಚೌಕಕ್ಕೆ 400, ಒಟ್ಟು 2400. ಕಲ್ಲಿನ ಗೋಡೆ ನೀರು ಹಿಡಿಯುವುದಿಲ್ಲ, ಅಲ್ಲಿ ಅಂಕಿ ಏರುತ್ತದೆ. ಮಣ್ಣು ತುಂಬಿದ ಹಳೇ ಕಂದಕ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿ ಇಳಿಯುತ್ತದೆ. ಅಂಕಿಗಳಿಂದ ಮಾಡಿದ ನಮ್ಮ ಚಿತ್ರದಲ್ಲಿ (ಏರಿದ ಅಂಕಿ ಬಿಳಿ, ಇಳಿದದ್ದು ಕಪ್ಪು) 2 ಮೀಟರ್ ಅಗಲದ ಬಿಳಿ ಗೆರೆಯೊಂದು ನೇರವಾಗಿ ಹೋಗಿ, ಒಂದು ತುದಿಯಲ್ಲಿ ಲಂಬಕೋನಕ್ಕೆ ತಿರುಗಿತ್ತು. ಅದು ತಳಪಾಯವಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ.

ಸರ್ವೆ ಮುಗಿದ ದಿನವೇ, ಹುಲ್ಲು ಕೊಯ್ಯುವವರಿಗೆ ಅಡ್ಡಿಯಾಗದಿರಲಿ ಅಂತ ಗೂಟಗಳನ್ನೆಲ್ಲ ಕಿತ್ತೆವು. ಮೂಲೆಗಳನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡಿದ್ದೆವು, ಅಷ್ಟು ಸಾಕು ಅಂದುಕೊಂಡೆವು. ಆರು ವಾರ ಬಿಟ್ಟು ಅದೇ ಫೋನು ಹಿಡಿದು ಮೂಲೆಗಳನ್ನು ಮತ್ತೆ ಹುಡುಕಿ, ಬಿಳಿ ಗೆರೆಯ ಮೇಲೆ ಅಂತ ಮೂರು ಗುಂಡಿ ಗುರುತಿಸಿದೆವು.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮೇಲ್ನೋಟಕ್ಕೆ ಇದು ತಪ್ಪು ಅನ್ನಿಸುವುದೇ ಇಲ್ಲ. ತೆರೆದ ಆಕಾಶದ ಕೆಳಗೂ ಫೋನು 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಪರದೆಯ ಮೇಲೆ ದಶಮಾಂಶದ ನಂತರ ಆರು ಅಂಕಿ ಕಾಣುತ್ತವೆ. ಅಕ್ಷಾಂಶದಲ್ಲಿ ಆರನೆಯ ಅಂಕಿ ಎಂದರೆ ಸುಮಾರು 11 ಸೆಂಟಿಮೀಟರ್, ಹಾಗಾಗಿ ನಿಖರತೆಯೂ ಅಷ್ಟೇ ಇರಬೇಕು ಅಂತ ಮನಸ್ಸು ನಂಬಿಬಿಡುತ್ತದೆ. ಅದು ಬರೀ ಬರೆಯುವ ಪದ್ಧತಿ, ಅಳತೆಯ ನಿಖರತೆ ಅಲ್ಲ. ಇನ್ನೊಂದು ವಿಷಯ: ಸರ್ವೆಯ ದಿನದ ದೋಷ ಒಂದು ದಿಕ್ಕಿಗೆ, ತೋಡುವ ದಿನದ್ದು ಇನ್ನೊಂದು ದಿಕ್ಕಿಗೆ ಇರಬಹುದು, ಆಗ ಎರಡೂ ಕೂಡಿಕೊಳ್ಳುತ್ತವೆ. ಹತ್ತು ನಿಮಿಷ ನಿಂತು ಸರಾಸರಿ ತೆಗೆದರೂ ಹೆಚ್ಚು ಉಪಯೋಗವಿಲ್ಲ, ಆ ದೋಷ ನಿಧಾನವಾಗಿ ಬದಲಾಗುವಂಥದ್ದು. ಎಲ್ಲಕ್ಕಿಂತ ಕೆಟ್ಟದ್ದು ತಿರುಗುವಿಕೆ. 20 ಮೀಟರ್ ದೂರದ ಎರಡು ಮೂಲೆಗಳು ಎದುರುಬದುರು ದಿಕ್ಕಿಗೆ ಮೂರು ಮೂರು ಮೀಟರ್ ಸರಿದರೆ ಇಡೀ ಗ್ರಿಡ್ ಸುಮಾರು 17 ಡಿಗ್ರಿ ತಿರುಗುತ್ತದೆ. ಹುಡುಕುತ್ತಿರುವುದು 2 ಮೀಟರ್ ಗೆರೆ, ತೋಡುವುದು 1 ಮೀಟರ್ ಗುಂಡಿ. ಲೆಕ್ಕ ಹಾಕಿ ನೋಡಿ.

ಮೂರೂ ಗುಂಡಿಗಳಲ್ಲಿ 60 ಸೆಂಟಿಮೀಟರಿಗೆ ಮನುಷ್ಯರ ಕೈ ತಾಗದ ಮೂಲ ಮಣ್ಣು ಸಿಕ್ಕಿತು. ಖಾತ್ರಿಗೆ 80ರವರೆಗೂ ಹೋದೆವು, ಒಂದು ಕಲ್ಲೂ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು. ಅದರ ಬದಲು ಗೋಡೆಯ ಕಲ್ಲನ್ನು ಹಿಂದೆಯೇ ಯಾರೋ ಕಿತ್ತು ಒಯ್ದಿರಬೇಕು ಅಂತ ವರದಿಯಲ್ಲಿ ಬರೆದೆವು. ಕಲ್ಲು ಕಿತ್ತಿದ್ದರೆ ಕಿತ್ತ ಕಾಲುವೆಯ ಗುರುತು ಮೂಲ ಮಣ್ಣಿನಲ್ಲಿ ಕಾಣಬೇಕಿತ್ತು. ಅದೂ ಇರಲಿಲ್ಲ. ಮುಂದಿನ ಸೀಸನ್ನಿನಲ್ಲಿ ಅದೇ ಬಯಲನ್ನು ಅರ್ಧ ಮೀಟರಿಗೊಂದು ಅಳತೆಯಂತೆ ಮತ್ತೆ ಸರ್ವೆ ಮಾಡಿದಾಗ ಬಿಳಿ ಗೆರೆ ಇದ್ದಲ್ಲೇ ಇತ್ತು. ಅದರಿಂದ 3.4 ಮೀಟರ್ ಆಚೆ, ಒಂದೇ ಸಾಲಿನಲ್ಲಿ, ಮೀಟರ್ ಅಗಲದ ಮೂರು ಕಪ್ಪು ಚುಕ್ಕೆಗಳಿದ್ದವು. ಮರಳಿ ತುಂಬಿದ ಸಡಿಲ ಮಣ್ಣು ನೀರು ಹಿಡಿದಿತ್ತು. ಅವು ನಾವೇ ತೋಡಿದ ಗುಂಡಿಗಳು.

ಮಾಡಬೇಕಿದ್ದ ಕೆಲಸಕ್ಕೆ 30 ಮೀಟರಿನ ಎರಡು ಟೇಪು, ಒಂದು ಗಂಟೆ ಸಾಕಿತ್ತು. ಕಟ್ಟಡದ ಮೂಲೆ, ಮೋರಿಯ ಕಲ್ಲು, ಬಾವಿಕಟ್ಟೆ, ಇಂಥ ಕದಲದ ಬಿಂದುಗಳು ಎರಡು ಬೇಕು, ತಾಳೆ ನೋಡಲು ಮೂರನೆಯದೊಂದು. ಮರ ಬೇಡ, ಬೇಲಿ ಕಂಬ ಅಂತೂ ಬೇಡವೇ ಬೇಡ. ಗ್ರಿಡ್ಡಿನ ಆಧಾರರೇಖೆಯ (ಗ್ರಿಡ್ ಹಾಕಲು ಮೊದಲು ಎಳೆಯುವ ಗೆರೆ) ಎರಡೂ ತುದಿಗಳಿಗೆ ಪ್ರತಿ ಬಿಂದುವಿನಿಂದ ದೂರ ಅಳೆಯಿರಿ. ಎರಡು ಟೇಪುಗಳು ಕೂಡುವ ಕೋನ 60ರಿಂದ 120 ಡಿಗ್ರಿಯೊಳಗಿರಲಿ. ಕೋನ ಚೂಪಾದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ. ಲಂಬಕೋನಕ್ಕೆ 12, 16, 20 ಮೀಟರಿನ ತ್ರಿಕೋನ ಹಿಡಿಯಿರಿ. ಆಮೇಲೆ 20 ಮೀಟರ್ ಚೌಕದ ಕರ್ಣ 28.28 ಬರುತ್ತದೆಯೇ ನೋಡಿ, 5 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಮೊದಲಿಂದ. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಹಾಸಬೇಡಿ, ಮಟ್ಟವಾಗಿ ಎಳೆದು ತೂಗುಗುಂಡು ಇಳಿಬಿಡಿ. ನೂರಕ್ಕೆ ಹತ್ತರ ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ ಟೇಪು 20 ಮೀಟರಿಗೆ 10 ಸೆಂಟಿಮೀಟರ್ ತಿನ್ನುತ್ತದೆ. ಕನಿಷ್ಠ ಎರಡು ಮರದ ಗೂಟಗಳನ್ನು ನೆಲದ ಮಟ್ಟಕ್ಕೆ ಹೊಡೆದು ಅಲ್ಲೇ ಬಿಡಿ. ಕಬ್ಬಿಣದ ಮೊಳೆ ಬೇಡ, ನಾಳೆ ಮ್ಯಾಗ್ನೆಟೋಮೀಟರ್ (ನೆಲದ ಕಾಂತಕ್ಷೇತ್ರದ ಸಣ್ಣ ಏರುಪೇರು ಅಳೆಯುವ ಯಂತ್ರ) ತಂದರೆ ಅದೇ ದೊಡ್ಡ ಕಲೆಯಾಗಿ ಕಾಣುತ್ತದೆ.

ಹಾಗಾಗಿ ಹಣದ ವಿಷಯದಲ್ಲಿ ನನ್ನ ಮಾತು ಇಷ್ಟು: ಒಂದು ದಿನದ ಮಟ್ಟಿಗೆ ಆರ್‌ಟಿಕೆ ಜಿಪಿಎಸ್ (ಸ್ಥಿರ ಕೇಂದ್ರವೊಂದರ ಸಹಾಯದಿಂದ ದೋಷ ತಿದ್ದಿಕೊಳ್ಳುವ ಜಿಪಿಎಸ್) ಎರವಲು ಸಿಕ್ಕರೆ ಅದನ್ನು ಮೊದಲು ತನ್ನಿ. ಸುಮಾರು 2 ಸೆಂಟಿಮೀಟರ್ ನಿಖರತೆ ಕೊಡುತ್ತದೆ. ಸಿಗದಿದ್ದರೆ ಟೇಪು.

ನಿಮ್ಮ ಪ್ರಶ್ನೆಯನ್ನೂ ನಾನು ಒಪ್ಪುವುದಿಲ್ಲ. ಸರ್ವೆ ಮತ್ತು ಟೆಸ್ಟ್ ಪಿಟ್ ಒಂದಕ್ಕೊಂದು ಬದಲಿಯಲ್ಲ, ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ. ಜನ ಈಗಲೂ ವಾಸವಿರುವ ಊರಿನೊಳಗೆ ತಂತಿ, ಪೈಪು, ಕಬ್ಬಿಣದ ಗೇಟುಗಳ ನಡುವೆ ಮ್ಯಾಗ್ನೆಟೋಮೀಟರ್ ಏನೂ ಹೇಳದು. ಅಲ್ಲಿ ಹಿತ್ತಲು ಹಿತ್ತಲಿನಲ್ಲಿ ಒಂದೊಂದು ಮೀಟರ್ ಗುಂಡಿ ತೋಡಿ, ಯಾವ ಕಾಲದ ಮಡಕೆ ಚೂರು ಎಲ್ಲೆಲ್ಲಿ ಎಷ್ಟೆಷ್ಟು ಅಂತ ಎಣಿಸುವುದೇ ದಾರಿ. ಇಂಗ್ಲೆಂಡಿನ ಪೂರ್ವಭಾಗದಲ್ಲಿ ಪುರಾತತ್ವಜ್ಞೆ ಕ್ಯಾರೆನ್ಜಾ ಲೂಯಿಸ್ ಶಾಲಾ ಮಕ್ಕಳನ್ನೂ ಊರಿನವರನ್ನೂ ಸೇರಿಸಿಕೊಂಡು ಮಾಡಿಸಿದ್ದು ಇದನ್ನೇ: 55 ಊರುಗಳಲ್ಲಿ 2000ಕ್ಕೂ ಹೆಚ್ಚು ಗುಂಡಿ. 14ನೇ ಶತಮಾನದ ಮಹಾಪ್ಲೇಗಿನ ನಂತರ ಮಡಕೆ ಚೂರು ಸಿಗುವ ಗುಂಡಿಗಳು ಸುಮಾರು 45 ಪ್ರತಿಶತ ಕಡಿಮೆಯಾದದ್ದನ್ನು 2016ರಲ್ಲಿ ಪ್ರಕಟಿಸಿದರು. ಅಲ್ಲಿ ಖಾಲಿ ಗುಂಡಿಯೂ ಮಾಹಿತಿಯೇ. ನಮ್ಮ ಮೂರು ಖಾಲಿ ಗುಂಡಿಗಳು ಸುಳ್ಳು ಹೇಳಿದ್ದು ಅವು ಎಲ್ಲಿವೆ ಅಂತ ನಮಗೆ ಗೊತ್ತಿರದಿದ್ದಕ್ಕೆ.

ನಿಮ್ಮದು ತೆರೆದ ಬಯಲಾದರೆ ಸರ್ವೆ ಮಾಡಿ. ಕಲ್ಲಿನ ಕಟ್ಟಡದ ಸಂಶಯವಿದ್ದರೆ ನಿರೋಧ ಮೀಟರ್. ಕುಲುಮೆ, ಆವಿಗೆ, ಬೂದಿಗುಂಡಿ, ಕಂದಕ ಇದ್ದರೆ ಮ್ಯಾಗ್ನೆಟೋಮೀಟರ್: ಮೀಟರಿಗೊಂದು ಸಾಲು, ಸಾಲಿನಲ್ಲಿ 25 ಸೆಂಟಿಮೀಟರಿಗೊಂದು ಅಳತೆ, ಹಿಡಿದು ನಡೆಯುವವರ ಮೈಮೇಲೆ ಬೆಲ್ಟು, ಬೀಗದಕೈ, ಫೋನು, ಶೂವಿನ ಲೋಹದ ಕಣ್ಣು ಯಾವುದೂ ಇರಕೂಡದು. ಬೂದಿಗುಂಡಿಯೊಂದು ಕೆಲವೇ ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಹಳ ಸಣ್ಣ ಅಳತೆ) ತೋರಿಸುತ್ತದೆ, ಅದನ್ನು ಮುಚ್ಚಿಹಾಕಲು ಒಂದು ಬೀಗದಕೈ ಸಾಕು. ನೆಲದೊಳಕ್ಕೆ ರೇಡಿಯೊ ಅಲೆ ಕಳಿಸುವ ರಾಡಾರ್ ಜೇಡಿಮಣ್ಣಿನಲ್ಲಿ ಸೋಲುತ್ತದೆ, ಮೊದಲ ಸಲಕ್ಕೆ ಬೇಡ. ಚಿತ್ರದಲ್ಲಿ ಗೆರೆ ಕಂಡರೆ ಅದರ ಮೇಲೆ ಚೌಕ ಗುಂಡಿಗಿಂತ, ಗೆರೆಗೆ ಅಡ್ಡಲಾಗಿ ಗೆರೆಯ ಅಗಲಕ್ಕಿಂತ ಉದ್ದವಾದ ಕಾಲುವೆ ಮೇಲು. ಜೊತೆಗೆ ಏನೂ ಕಾಣದ ಜಾಗದಲ್ಲೂ ಒಂದು ಗುಂಡಿ ತೋಡಿ ಹೋಲಿಸಿ.

ಗುಂಡಿಯ ಬಗ್ಗೆ, ನೆಲದ ಮಾಲೀಕರ ಮತ್ತು ಪುರಾತತ್ವ ಇಲಾಖೆಯ ಅನುಮತಿ ಬರಹದಲ್ಲಿ ಕೈಗೆ ಬಂದಿದೆ, ನೆಲದಡಿಯ ಕೇಬಲ್ ಪೈಪುಗಳನ್ನು ನೋಡಿಯಾಗಿದೆ ಅಂದುಕೊಂಡು ಬರೆಯುತ್ತೇನೆ. ಒಂದು ಮೀಟರ್ ಚೌಕದ ಗುಂಡಿಯನ್ನು ಪದರ ಪದರವಾಗಿ ತೋಡಿ; 10 ಸೆಂಟಿಮೀಟರಿನ ಒಂದು ಪದರ ಎಂದರೆ 100 ಲೀಟರ್ ಮಣ್ಣು, ಹತ್ತಿರ ಹತ್ತಿರ 150 ಕಿಲೋ. ಮೀಟರ್ ಆಳಕ್ಕೆ ಒಂದೂವರೆ ಟನ್. ನಾಲ್ವರಿದ್ದರೆ ಎರಡು ದಿನ ಇಟ್ಟುಕೊಳ್ಳಿ. ಆಳವನ್ನು ಪಕ್ಕದಲ್ಲಿ ಹೊಡೆದ ಒಂದೇ ಗೂಟದ ತಲೆಯಿಂದ, ದಾರ ಮತ್ತು ರಸಮಟ್ಟ ಹಿಡಿದು ಅಳೆಯಿರಿ. ಅಂಚಿನ ಹುಲ್ಲಿನಿಂದ ಅಳೆದರೆ ತುಳಿದಂತೆಲ್ಲ ಅಂಚು ಕುಸಿದು ಅಂಕಿ ತಪ್ಪುತ್ತದೆ. ಹತ್ತು ಸೆಂಟಿಮೀಟರ್ ಆಗುವ ಮೊದಲೇ ಮಣ್ಣಿನ ಬಣ್ಣ ಬದಲಾದರೆ ಅಲ್ಲಿಗೇ ನಿಲ್ಲಿಸಿ ಹೊಸ ಪದರ ಶುರು ಮಾಡಿ. ಗೋಡೆಗಳು ನೆಟ್ಟಗಿರಲಿ, ಒಳಕ್ಕೆ ಓರೆಯಾದರೆ ಕೆಳಗಿನ ಪದರಗಳ ಮಣ್ಣು ಕಡಿಮೆಯಾಗಿ ಚೂರುಗಳ ಎಣಿಕೆಯನ್ನು ಹೋಲಿಸಲಾಗದು. ಮಣ್ಣನ್ನೆಲ್ಲ 10 ಮಿಲಿಮೀಟರ್ ಜರಡಿಗೆ ಹಾಕಿ. ಸಿಕ್ಕಿದ್ದರ ಚೀಲದೊಳಗೆ ಒಂದು ಚೀಟಿ, ಹೊರಗೂ ಅದೇ ಬರಹ: ಗುಂಡಿ ಸಂಖ್ಯೆ, ಪದರ, ತಾರೀಖು. ಮಡಕೆ ಚೂರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ, ಲೋಹಕ್ಕೆ ನೀರು ಮುಟ್ಟಿಸಬೇಡಿ. ಮನುಷ್ಯರ ಮೂಳೆ ಕಂಡ ಕ್ಷಣ ಕೆಲಸ ನಿಲ್ಲಿಸಿ ತಿಳಿಸಬೇಕಾದವರಿಗೆ ತಿಳಿಸಿ. 1.2 ಮೀಟರ್ ದಾಟಿ ಇಳಿಯಬೇಡಿ. ಸಡಿಲ ಮಣ್ಣಾದರೆ ಅದಕ್ಕೂ ಮೊದಲೇ ನಿಲ್ಲಿ.

ಮುಚ್ಚುವ ಮೊದಲು ಗುಂಡಿಯ ನಾಲ್ಕು ಮೂಲೆಗಳನ್ನೂ ಅದೇ ಕದಲದ ಬಿಂದುಗಳಿಂದ ಅಳೆದು ಹಾಳೆಯಲ್ಲಿ ಬರೆಯಿರಿ. ಅಳತೆಯನ್ನು ಒಬ್ಬರು ಓದಲಿ, ಇನ್ನೊಬ್ಬರು ಕೇಳಿದ್ದನ್ನು ಜೋರಾಗಿ ಹೇಳಿ ಬರೆದುಕೊಳ್ಳಲಿ.