ಸಗಣಿಯಲ್ಲಿ ಇಡೀ ಕಾಳು, ತಪ್ಪಾಗಿದ್ದು ಎಲ್ಲಿ?

ಪ್ರಶ್ನೆ: ನಮ್ಮ ಮನೇಲಿ ನಾಲ್ಕು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಇವೆ. ಈ ಸಲ ಎರಡು ಗುಂಡಿ ಮೆಕ್ಕೆಜೋಳದ ರಸಮೇವು (ಸೈಲೇಜ್, ಅಂದರೆ ಹಸಿಯಾಗಿ ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಮೇವು) ಹಾಕಿದ್ದೇವೆ. ಕಾಳು ಗಟ್ಟಿಯಾದಷ್ಟೂ ಸತ್ವ ಜಾಸ್ತಿ ಅಂತ ತೆನೆಯ ಸಿಪ್ಪೆ ಒಣಗುವವರೆಗೂ ಕಾದು ಕೊಯ್ದೆವು. ಒಂದು ಗುಂಡಿ ತೆಗೆದು ಮೂರು ವಾರ ಆಯಿತು. ಸಗಣಿಯಲ್ಲಿ ಕಾಳು ಹಾಗೇ ಬರುತ್ತಿವೆ, ಹಾಲೂ ಇಳಿದಿದೆ. ಮುಂದಿನ ಸಲ ಹುಡಿ ಹುಡಿಯಾಗಿ ಕತ್ತರಿಸಿದರೆ ಸರಿಹೋಗುತ್ತಾ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರ ಓದಿ ನಮ್ಮ ಮನೆಯ ಕೋಳಿಗಳು ನೆನಪಾದವು. ದಾವಣಗೆರೆ ಪಕ್ಕದ ನಮ್ಮೂರಲ್ಲಿ ನಾನು ಮೊದಲ ಸಲ ರಸಮೇವು ಹಾಕಿದ ವರ್ಷ ಅದು. ಬೆಳಿಗ್ಗೆ ಸಗಣಿ ಬಾಚಲು ಹೋದರೆ ಕೋಳಿಗಳು ತಿಪ್ಪೆ ಬಿಟ್ಟು ಕೊಟ್ಟಿಗೆಯಲ್ಲೇ ಕೆದರುತ್ತಿದ್ದವು. ಒಂದು ಬೊಗಸೆ ಸಗಣಿ ಜರಡಿಗೆ ಹಾಕಿ ನೀರು ಬಿಟ್ಟೆ. ಹಳದಿ ಕಾಳು ಹೊಳಪು ಕೂಡ ಮಾಸದೆ ಉಳಿದಿದ್ದವು. ಹೊಟ್ಟೆ ಉರಿಯಿತು. ನಾನೂ ನಿಮ್ಮ ಹಾಗೇ ಕಾದಿದ್ದೆ.

ಮಂಡಿಗೆ ಒಯ್ಯುವ ಮೆಕ್ಕೆಜೋಳ ಒಣಗಿರಬೇಕು. ನಮ್ಮ ಕಣ್ಣು ಅದಕ್ಕೇ ಪಳಗಿದೆ, ಅಲ್ವಾ? ರಸಮೇವಿಗೆ ಆ ಲೆಕ್ಕ ನಡೆಯಲ್ಲ. ಗಟ್ಟಿ ಕಾಳು ಒಡೆಯದಿದ್ದರೆ ಅದರ ಪಿಷ್ಟ ಹಸುವಿಗೆ ದಕ್ಕುವುದಿಲ್ಲ. ಒಣಗಿದ ದಂಟು ಗುಂಡಿಯಲ್ಲಿ ಸರಿಯಾಗಿ ಅದುಮಿ ಕೂರುವುದಿಲ್ಲ, ಗಾಳಿ ಉಳಿದು ಬೂಸ್ಟು ಹಿಡಿಯುತ್ತದೆ. ತೀರಾ ಎಳೆಯದನ್ನು ಕೊಯ್ದರೂ ನಷ್ಟವೇ. ರಸ ಸೋರಿ ಹೋಗಿ ಕೆಟ್ಟ ವಾಸನೆ ಬರುತ್ತದೆ.

ದಿನ ಎಣಿಸುವ ಬದಲು ತೆನೆ ಮುರಿದು ನೋಡಿ. ತುದಿ ಕಡೆಯ ತುಂಡಿನ ಕಾಳಿನಲ್ಲಿ ಮೇಲೆ ಗಟ್ಟಿ ಹಳದಿ, ಕೆಳಗೆ ಬಿಳಿ ಹಾಲು, ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಮೇಲಿನಿಂದ ಕೆಳಗಿಳಿಯುತ್ತಾ ಕಾಳಿನ ಅರ್ಧ ದಾಟಿ ಮುಕ್ಕಾಲು ಮುಟ್ಟುವ ಮೊದಲೇ ಕೊಯ್ಯಿರಿ. ಆಗ 100 ಕೆ.ಜಿ. ಹಸಿ ಮೇವಿನಲ್ಲಿ ಸುಮಾರು 65ರಿಂದ 68 ಕೆ.ಜಿ. ನೀರಿರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ರಸ ತೊಟ್ಟಿಕ್ಕಬಾರದು, ಕೈ ಬಿಟ್ಟ ಕೂಡಲೇ ಉಂಡೆ ಪುಡಿಯಾಗಲೂಬಾರದು.

ಹುಡಿ ಮಾಡುವುದು ಮಾತ್ರ ಬೇಡ. ತೀರಾ ಸಣ್ಣಗಾದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಹಾಲಿನ ಫ್ಯಾಟ್ ಇಳಿಯುತ್ತದೆ, ಡೈರಿಯಲ್ಲಿ ದರವೂ ಇಳಿಯುತ್ತದೆ. ಒಂದು, ಒಂದೂವರೆ ಸೆಂ.ಮೀ. ಸಾಕು. ಕಾಳು ಒಡೆಯುವ ರೋಲರ್ ಇರುವ ಕೊಯ್ಲು ಯಂತ್ರ ಬಾಡಿಗೆಗೆ ಸಿಕ್ಕರೆ ಬಿಡಬೇಡಿ. ಮೊದಲ ಟ್ರೇಲರ್ ಬಂದಾಗಲೇ ಒಂದು ಲೀಟರ್ ಅಳತೆ ಮೇವು ಬಕೆಟ್ ನೀರಿಗೆ ಹಾಕಿ. ಸೊಪ್ಪು ತೇಲುತ್ತದೆ, ಕಾಳು ತಳ ಸೇರುತ್ತದೆ. ಎರಡು ಮೂರಕ್ಕಿಂತ ಜಾಸ್ತಿ ಇಡೀ ಕಾಳು ಸಿಕ್ಕರೆ ಯಂತ್ರ ನಿಲ್ಲಿಸಿ ರೋಲರ್ ಬಿಗಿ ಮಾಡಿಸಿ. ಡ್ರೈವರ್ ಗೊಣಗಿದರೂ ಬಿಡಬೇಡಿ.

ಈಗಿರುವ ಎರಡನೇ ಗುಂಡಿಯನ್ನು ಇನ್ನೂ ನಾಲ್ಕೈದು ತಿಂಗಳು ಮುಟ್ಟಬೇಡಿ. ಹುಳಿ ಬಂದಷ್ಟೂ ಕಾಳಿನ ಪಿಷ್ಟ ಮೆತ್ತಗಾಗಿ ಜೀರ್ಣಕ್ಕೆ ಸುಲಭವಾಗುತ್ತದೆ. ತಾಡಪಾಲಿನ ಮೇಲೆ ಹಳೇ ಟೈರು ಹೇರಿ, ಇಲಿ ತೂತು ಮಾಡಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ತೆಗೆದಿರುವ ಗುಂಡಿಯಲ್ಲಿ ಬೂಸ್ಟು ಕಂಡ ಮೇವನ್ನು ಯಾವ ಹಸುವಿಗೂ, ಅದರಲ್ಲೂ ಗಬ್ಬದ ಹಸುವಿಗೆ ಖಂಡಿತ ಹಾಕಬೇಡಿ, ತಿಪ್ಪೆಗೆ ಹಾಕಿ. ರಸಮೇವಿನಲ್ಲಿ ಪ್ರೋಟೀನ್ ಕಡಿಮೆ. ಶೇಂಗಾ ಹಿಂಡಿಯನ್ನೋ, ಬದುವಿನಲ್ಲಿ ಬೆಳೆದ ಕುದುರೆ ಮೆಂತ್ಯವನ್ನೋ (ಲೂಸರ್ನ್ ಎಂಬ ಹಸಿರು ಮೇವು) ಜೊತೆಗೆ ಕೊಡಿ. ಇಡೀ ಕಾಳಿನಲ್ಲಿ ಹೋದ ಪಿಷ್ಟ ತುಂಬಿಕೊಡಲು ಮೆಕ್ಕೆಜೋಳದ ನುಚ್ಚು ಸೇರಿಸುವುದಾದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಸಗಣಿ ತೀರಾ ತೆಳ್ಳಗಾದರೆ ಅಲ್ಲಿಗೇ ನಿಲ್ಲಿಸಿ.