ರೋಡಿಗೂ ರೈಲಿಗೂ ಮಧ್ಯೆ ಮಲಗಿದ್ದ ದೊರೆಮಗ (ಸಂಪಾದಕರ ಉತ್ತರ)

ಲಂಡನ್ನಿನ ಹೌನ್ಸ್ಲೋದಿಂದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೇಲಿ ಸಟನ್ ಹೂ ಅನ್ನೋ ಹಳೇ ಸಮಾಧಿ ಜಾಗದ ಬಗ್ಗೆ ಬರೀತಾ, ಹಿಂದೆ ಇಂಗ್ಲೆಂಡಲ್ಲಿ ನೆಲೆಸಿದ್ದ ಆಂಗ್ಲೋ-ಸ್ಯಾಕ್ಸನ್ನರ ಸಮಾಧಿ ದಿಬ್ಬ ನೋಡ್ಬೇಕಂದ್ರೆ ಊರು ಬಿಟ್ಟು ಹೊಲದ ಕಡೆ ಹೋಗ್ಬೇಕು ಅಂದಿದ್ರಿ. ಆದ್ರೆ ಸೌತೆಂಡಲ್ಲಿ ನನ್ನ ಫ್ರೆಂಡ್ ಮನೆ ಹತ್ರಾನೇ ಒಬ್ಬ ರಾಜನ್ನ ಹೂತಿದ್ರಂತೆ. ಹೋಗಿ ನೋಡಿದ್ರೆ ಒಂದು ರೋಡು, ಒಂದು ರೈಲ್ವೆ ಲೈನು, ಒಂದಷ್ಟು ಹುಲ್ಲು, ಅಷ್ಟೇ. ಸುಳ್ಳು ಹೇಳ್ತಿರೋದು ಯಾರು, ನೀವಾ ಅವರಾ?"

ತಪ್ಪು ನಮ್ದೇ ಸಾರ್, ಒಪ್ಕೊಂಡ್ವಿ. ಆ ಜಾಗ ಸೌತೆಂಡಿನ ಪ್ರಿಟಲ್‌ವೆಲ್, ಅಲ್ಲಿ ಹೂತಿದ್ದೂ ನಿಜ. ನಿಮಗೆ ಏನೂ ಕಾಣ್ಲಿಲ್ಲ ಅಂದ್ರಲ್ಲ, ಅದು ಉಳ್ಕೊಂಡಿದ್ದೇ ಹಾಗೆ ಕಾಣದೇ ಇದ್ದಿದ್ರಿಂದ.

2003ರಲ್ಲಿ ಪ್ರಯಾರಿ ಕ್ರೆಸೆಂಟ್ ರೋಡ್ ಅಗಲ ಮಾಡೋ ಪ್ಲಾನ್ ಇತ್ತು, ಅದಕ್ಕೆ ಮುಂಚೆ ಒಂದ್ಸಲ ಚೆಕ್ ಮಾಡಿ ಅಂತ ಮ್ಯೂಸಿಯಂ ಆಫ್ ಲಂಡನ್ನಿನ ಪುರಾತತ್ವದವರನ್ನ ಕರೆಸಿದ್ರು. ಮೇಲಿದ್ದ ದಿಬ್ಬ ಯಾವಾಗ್ಲೋ ಸವೆದು ನೆಲಸಮ ಆಗಿತ್ತು. ಕೆಳಗೆ ಮಾತ್ರ ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಮರದ ಕೋಣೆ, ಯಾರೂ ಕೈ ಹಾಕದೇ ಇದ್ದಿದ್ದು. ಮರ ಕೊಳೀತಾ ಕೊಳೀತಾ ಮರಳು ನಿಧಾನಕ್ಕೆ ಒಳಗೆ ಇಳಿದು ಗಟ್ಟಿಯಾಗಿದೆ, ಹಾಗಾಗಿ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದ ತಾಮ್ರದ ಪಾತ್ರೆಗಳು 1400 ವರ್ಷ ಆದ್ಮೇಲೂ ಅಲ್ಲೇ ನೇತಾಡ್ತಾ ಸಿಕ್ಕಿವೆ, ಅಡುಗೆಮನೇಲಿ ಸೌಟು ನೇತು ಹಾಕಿ ಊರಿಗೆ ಹೋದ ಹಾಗೆ. ಮಡಚೋ ಕಬ್ಬಿಣದ ಸ್ಟೂಲು, ಗಾಜಿನ ಲೋಟಗಳು, ಚಿನ್ನದ ಬಕಲ್ಲು, ಪಗಡೆ ಥರದ ಆಟದ ಕಾಯಿ ಮತ್ತೆ ದಾಳ. ಒಂದು ತಂತಿವಾದ್ಯ ಕೂಡ ಇತ್ತು, ಅದರ ಮರ ಪೂರ್ತಿ ಕರಗಿ ಬರೀ ಮಣ್ಣಿನ ಕಲೆ ಆಗಿದ್ರೂ ಆಕಾರ ಹಾಗೇ ಉಳಿದಿತ್ತು. ಅದರಲ್ಲಿ ಕೂರಿಸಿದ್ದ ಗಾರ್ನೆಟ್ ಅನ್ನೋ ಕೆಂಪು ಕಲ್ಲುಗಳು ಬಹುಶಃ ಭಾರತ ಅಥವಾ ಶ್ರೀಲಂಕಾ ಕಡೆಯವು ಅಂತ ತಜ್ಞರ ಅಂದಾಜು. ನಾವು ಇಂಗ್ಲೆಂಡಿಗೆ ಹೋಗೋಕೆ ವೀಸಾ ಕ್ಯೂನಲ್ಲಿ ನಿಲ್ತೀವಿ, ನಮ್ಮ ಕಡೆ ಕಲ್ಲು ಆಗ್ಲೇ ಹೋಗಿ ಸೆಟಲ್ ಆಗಿತ್ತು ನೋಡಿ.

ಆದ್ರೆ ಮನುಷ್ಯ ಇಲ್ಲ. ಮಣ್ಣಿನ ಆಮ್ಲಕ್ಕೆ ಮೂಳೆ ಎಲ್ಲ ಕರಗಿ ಹೋಗಿದೆ, ಉಳಿದಿದ್ದು ಹಲ್ಲಿನ ಚೂರು ಮಾತ್ರ. ಕಣ್ಣು ಇರ್ಬೇಕಾದ ಜಾಗದ ಹತ್ರ ಚಿನ್ನದ ತಗಡಿನ ಎರಡು ಪುಟ್ಟ ಶಿಲುಬೆ ಸಿಕ್ಕಿದ್ರಿಂದ ಕ್ರೈಸ್ತ ಅಂತ ಗೊತ್ತಾಯ್ತು. ಮೊದಲು ಸೌತೆಂಡ್ ಇರೋ ಎಸೆಕ್ಸಿನ ರಾಜ ಸೇಬರ್ಟ್ ಇರ್ಬೇಕು ಅಂದ್ಕೊಂಡ್ರು, ಅವನು ಸತ್ತಿದ್ದು ಸುಮಾರು 616ರಲ್ಲಿ. 2019ರಲ್ಲಿ ಬಂದ ವರದಿ ಪ್ರಕಾರ ಸಮಾಧಿ 575-605ರ ನಡುವಿಂದು, ಹಾಗಾಗಿ ಅವನ ತಮ್ಮನೋ ಅಣ್ಣನೋ ಆದ ಸೀಕ್ಸ ಇರಬಹುದು ಅಂತಾರೆ. ಖಚಿತ ಅಲ್ಲ, ಅದಕ್ಕೇ ನಾನು 'ರಾಜ' ಅನ್ನಲ್ಲ. ರೋಮಿನ ಪೋಪ್ ಕಳಿಸಿದ್ದ ಅಗಸ್ಟೀನ್ ಇಂಗ್ಲೆಂಡಿಗೆ ಬಂದು ಕ್ರೈಸ್ತ ಧರ್ಮ ಬೋಧಿಸಿದ್ದು 597ರಲ್ಲಿ, ಸಮಾಧಿ ಅದಕ್ಕೂ ಮುಂಚಿಂದಾದ್ರೆ ಇಲ್ಲಿಗೆ ಶಿಲುಬೆ ಹೇಗೆ ಬಂತು ಅಂದ್ರೆ ನನಗೆ ಸಂಬಂಧದ ಮೇಲೇ ಗುಮಾನಿ: ಸೇಬರ್ಟನ ಸೋದರಮಾವ ಕೆಂಟಿನ ರಾಜ ಎಥೆಲ್ಬರ್ಟ್, ಅವನ ಹೆಂಡತಿ ಬರ್ತಾ ಹುಟ್ಟಾ ಕ್ರೈಸ್ತಳು. ಅತ್ತೆ ಪ್ರಭಾವ.

ರೋಡಿನ ಕಥೆ ಏನಾಯ್ತು ಅಂತೀರಾ? 2005ರಿಂದ ಜನ ಅಲ್ಲೇ ಟೆಂಟು ಹಾಕ್ಕೊಂಡು 'ಕ್ಯಾಂಪ್ ಬ್ಲಿಂಗ್' ಅಂತ ಹೆಸರಿಟ್ಟು ಕೂತ್ರು, ಪೇಪರಿನವರು ಒಳಗೆ ಮಲಗಿದ್ದವನಿಗೆ 'ಕಿಂಗ್ ಆಫ್ ಬ್ಲಿಂಗ್' (ಬ್ಲಿಂಗ್ ಅಂದ್ರೆ ಥಳಥಳ ಹೊಳೆಯೋ ಒಡವೆ) ಅಂದಿದ್ರಲ್ಲ, ಅದಕ್ಕೆ. 2009ರಲ್ಲಿ ಕೌನ್ಸಿಲ್ ಪ್ಲಾನ್ ಕೈಬಿಡ್ತು. ಸಾಮಾನು ಎಲ್ಲ ಈಗ ಸೌತೆಂಡ್ ಸೆಂಟ್ರಲ್ ಮ್ಯೂಸಿಯಂನಲ್ಲಿದೆ, ಮುಂದಿನ ಸಲ ಹುಲ್ಲು ನೋಡೋ ಬದಲು ಅಲ್ಲಿಗೆ ಹೋಗಿ.

ಕಣ್ಣಿಗೆ ಕಾಣೋ ದಿಬ್ಬಗಳ ಗತಿ ಏನು ಅಂತ ನೋಡೋಕೆ ಗ್ರೀನಿಚ್ ಪಾರ್ಕಿಗೆ ಹೋಗಿ, ಅಬ್ಸರ್ವೇಟರಿ ಹತ್ರಾನೇ. ಅಲ್ಲಿ ಸಾಲುಸಾಲಾಗಿ ಕಂಡಿದ್ರಿಂದ ಕೈ ಸುಮ್ನಿರ್ಲಿಲ್ಲ, 1784ರಲ್ಲಿ ಜೇಮ್ಸ್ ಡಗ್ಲಸ್ ಅನ್ನೋ ಪಾದ್ರಿ ಒಂದಾದ ಮೇಲೆ ಒಂದು ಬಗೆದು ನೋಡಿದ್ರು, ಆಮೇಲೆ 1844ರಲ್ಲಿ ನೀರಿನ ಟ್ಯಾಂಕ್ ಕಟ್ಟೋಕೆ ಹೋಗಿ ಇನ್ನೊಂದಷ್ಟು ಹಾಳಾದ್ವು.

ಇನ್ನು ನೀವಿರೋ ಊರು. ಹೌನ್ಸ್ಲೋದಲ್ಲಿರೋ ಆ 'ಲೋ' ಇದ್ಯಲ್ಲ, ಹಳೇ ಇಂಗ್ಲಿಷಿನ 'ಹ್ಲಾವ್', ಅಂದ್ರೆ ದಿಬ್ಬ, ಬಹಳ ಸಲ ಸಮಾಧಿ ದಿಬ್ಬ. ಹುಂಡ್ ಅನ್ನೋವನ ದಿಬ್ಬ, ಇಲ್ಲಾ ನಾಯಿ ದಿಬ್ಬ, ಎರಡೂ ಅರ್ಥ ಹೇಳ್ತಾರೆ. ಟ್ಯಾಪ್ಲೋ ಅನ್ನೋ ಊರಿನ ಹೆಸರೂ ಹಾಗೇ, ಟ್ಯಾಪನ ದಿಬ್ಬ, ಅಲ್ಲಿ ಹಳೇ ಚರ್ಚಿನಂಗಳದಲ್ಲಿ ದಿಬ್ಬ ಈಗಲೂ ಇದೆ, 1883ರಲ್ಲಿ ಅಗೆದಾಗ ಸಿಕ್ಕಿದ್ದು ಬ್ರಿಟಿಷ್ ಮ್ಯೂಸಿಯಂ ಸೇರಿದೆ. ನೀವು ನಮಗೆ ಜಗಳದ ಕಾಗದ ಬರೆದು ಕವರಿನ ಮೇಲೆ ಫ್ರಂ ಅಡ್ರೆಸ್ ಹಾಕಿದ್ರಲ್ಲ, ದಿಬ್ಬ ಅಲ್ಲೇ ಇತ್ತು.

ಗ್ರೀನಿಚ್ಚಿಗೆ ಹೋಗೋದಾದ್ರೆ ಸಂಜೆ ಹೋಗಿ, ಬಿಸಿಲು ಓರೆ ಆದಾಗ ನೆರಳು ಬಿದ್ದು ಉಬ್ಬುಗಳು ಕಾಣತ್ವೆ. ನಾನು ಹೋಗಿದ್ದು ಮಟಮಟ ಮಧ್ಯಾಹ್ನ, ದಿಬ್ಬ ಎಲ್ಲಿ ಎಲ್ಲಿ ಅಂತ ಅರ್ಧ ಗಂಟೆ ಹುಡುಕಿ ಸುಸ್ತಾಗಿ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದೆ. ಕೂತಿದ್ದು ಅದರ ಮೇಲೇ.