ಸಂಬಳ ಹಿಡಿಯುವ ಮೊದಲು ಲಾಗ್ ನೋಡಿ

ಪತ್ರ: ತುಮಕೂರಿನ ವಸಂತನರಸಾಪುರದ ಬಿಡಿಭಾಗ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಿಂದ ಒಬ್ಬರು ಬರೆದಿದ್ದಾರೆ. ಶನಿವಾರ ರಾತ್ರಿ ಲೆಕ್ಕದ ತಂತ್ರಾಂಶ ಟ್ಯಾಲಿ ಇದ್ದ ಸರ್ವರ್‌ಗೆ, ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶವಾದ ರಾನ್ಸಮ್‌ವೇರ್ ನುಗ್ಗಿ ಫೈಲುಗಳೆಲ್ಲ ಬೀಗ ಬಿದ್ದಂತಾಗಿವೆ. ಇರುವ ಒಬ್ಬನೇ ಐಟಿ ಹುಡುಗನ ಎರಡು ತಿಂಗಳ ಸಂಬಳವನ್ನು ಮಾಲೀಕರು ಹಿಡಿದಿದ್ದಾರೆ. ಇದು ನ್ಯಾಯವೇ?

ಉತ್ತರ: ನ್ಯಾಯವಲ್ಲ. ತಪ್ಪು ಆ ಹುಡುಗನದೇ ಇದ್ದರೂ ಇರಬಹುದು. ಆದರೆ ಹಾಗೆನ್ನಲು ಈಗ ಯಾರ ಕೈಯಲ್ಲೂ ಆಧಾರವಿಲ್ಲ.

ಸರ್ವರ್ ಅನ್ನು ಇನ್ನೂ ಫಾರ್ಮ್ಯಾಟ್ ಮಾಡಿಲ್ಲವಾದರೆ ದಯವಿಟ್ಟು ತಡೆಯಿರಿ. ನೆಟ್‌ವರ್ಕ್ ಕೇಬಲ್ ಕಿತ್ತು, ಇಡೀ ಡಿಸ್ಕಿನ ನಕಲು ತೆಗೆಸಿ. ಮನೆಯಿಂದಲೇ ಟ್ಯಾಲಿ ನೋಡಲೆಂದು ರೂಟರಿನಲ್ಲಿ 3389ನೇ ಪೋರ್ಟ್ ತೆರೆಸಿಡುವ ರೂಢಿ ಸಣ್ಣ ಕಾರ್ಖಾನೆಗಳಲ್ಲಿ ಉಂಟು. ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಹಾದುಬರುವ ಬಾಗಿಲು ಅದು. ಸರ್ವರ್ ತಾನೇ ಬರೆದಿಡುವ ದಾಖಲೆಯಾದ ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4625 ಎಂಬ ಸಂಖ್ಯೆ, ಅಂದರೆ ವಿಫಲ ಲಾಗಿನ್, ಸಾಲುಸಾಲಾಗಿ ಬಂದು ಕೊನೆಗೊಂದು 4624, ಅಂದರೆ ಯಶಸ್ವಿ ಲಾಗಿನ್, ಕಂಡರೆ, ಪಾಸ್‌ವರ್ಡ್ ಊಹಿಸಿ ಒಳಬಂದ ಶಂಕೆ ಬಲವಾಗುತ್ತದೆ. 1102 ಕಂಡರೆ ಯಾರೋ ಲಾಗ್ ಅಳಿಸಿದ್ದಾರೆ. ಈ ಲಾಗ್‌ಗೆ ಸಾಮಾನ್ಯವಾಗಿ ಇರುವ ಜಾಗ 20 ಎಂಬಿ ಮಾತ್ರ. ಹೊಸ ಸಾಲುಗಳು ತುಂಬಿದಂತೆ ಹಳೆಯವು ಅಳಿಯುತ್ತವೆ, ಆದ್ದರಿಂದ ತಡಮಾಡಬೇಡಿ.

ಆಮೇಲೆ ಕೇಳಬೇಕಾದದ್ದು: ಕಳ್ಳರು ಬಳಸಿದ ಖಾತೆ ಯಾರದು? ಪೋರ್ಟ್ ತೆರೆಯಿರಿ ಅಂದವರು ಯಾರು? ಹೊರಗಿನಿಂದ ಸುರಕ್ಷಿತವಾಗಿ ಒಳಬರಲು ವಿಪಿಎನ್ ಬೇಕು, ಎರಡು ಹಂತದ ಲಾಗಿನ್ ಬೇಕು ಎಂದು ಆ ಹುಡುಗ ಇಮೇಲ್ ಮಾಡಿದ್ದು ಮೂಲೆ ಸೇರಿತೇ? ಬ್ಯಾಕಪ್ ಡಿಸ್ಕ್ ಸದಾ ಸರ್ವರ್‌ಗೇ ಚುಚ್ಚಿಕೊಂಡಿದ್ದರೆ ಅದಕ್ಕೂ ಬೀಗ ಬಿದ್ದಿರಬಹುದು. ಬೇರೆ ಡಿಸ್ಕ್ ಕೊಟ್ಟಿದ್ದು, ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಬಿಚ್ಚಿಡುವ ಕೆಲಸವನ್ನು ಬರಹದಲ್ಲಿ ವಹಿಸಿದ್ದೂ ಆತ ಮಾಡಿಲ್ಲವೆಂದರೆ, ಅದು ಆತನ ಕರ್ತವ್ಯಲೋಪವೇ. ನಾವು ವಕಾಲತ್ತು ವಹಿಸುವುದಿಲ್ಲ. ಡಿಸ್ಕನ್ನೇ ಕೊಡಿಸದೆ ಬ್ಯಾಕಪ್ ಎಲ್ಲಿ ಎಂದು ಕೇಳುವುದು ಮಾತ್ರ ಅನ್ಯಾಯ.

ಕಾನೂನು ಮೊದಲು ಹಿಡಿಯುವುದು ಸಂಸ್ಥೆಯನ್ನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ, ಸೂಕ್ತ ಭದ್ರತೆ ಇಡದಿದ್ದಕ್ಕೆ 250 ಕೋಟಿ ರೂಪಾಯಿವರೆಗಿನ ದಂಡ ದತ್ತಾಂಶ ಇಟ್ಟುಕೊಂಡ ಸಂಸ್ಥೆಯ ಮೇಲೆ. ನಷ್ಟದ ಹೆಸರಲ್ಲಿ ಸಂಬಳ ಮುರಿಯುವುದಾದರೆ ವೇತನ ಕಾನೂನಿನಂತೆ ಮೊದಲು ಕಾರಣ ಕೇಳಿ, ಉತ್ತರಿಸಲು ಅವಕಾಶ ಕೊಡಲೇಬೇಕು.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಸಂಬಳ ಹೋಗುತ್ತದೆಂಬ ಭಯ ಒಮ್ಮೆ ಹೊಕ್ಕರೆ, ಮುಂದಿನ ಸಲ ಅನುಮಾನದ ಇಮೇಲ್ ಒತ್ತಿದವರು ಬಾಯಿಬಿಡುವುದಿಲ್ಲ. ಆ 6 ಗಂಟೆ ಮೌನದಲ್ಲೇ ಕಳೆದುಹೋಗುತ್ತದೆ.

ವರದಿ ಇನ್ನೂ ಆಗಿಲ್ಲವಾದರೆ ಇವತ್ತೇ ಸಿಇಆರ್‌ಟಿ-ಇನ್‌ನ 1800-11-4949ಕ್ಕೆ ಕರೆ ಮಾಡಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿಸಿ. ಆ ಹುಡುಗನಿಗೂ ಹೇಳಿ: ಹಳೆಯ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಲಿ, ಹಿಡಿದ ಸಂಬಳಕ್ಕೆ ಕಾರಣವನ್ನು ಬರಹದಲ್ಲೇ ಕೇಳಲಿ.